ಅಕ್ಕನ ಪತ್ರದ ‘ಮಿಸ್’

ನಿನ್ನೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ, “ಬಸ್ ಮಿಸ್ಸಾಯ್ತು ಕಣವ್ವ” ಎನ್ನುತ್ತಿದ್ದಳು. ನನಗೆ ಹೆಮ್ಮರಗಾಲದ ನಮ್ಮ ಜಗಲಿ ನೆನಪಾಯಿತು.

ಅಕ್ಕ ಮದುವೆಯಾಗಿ ತಲಕಾಡಿಗೆ ಹೋದ ಹೊಸತು. ಅವಳ ಮೊದಲ ಪತ್ರವನ್ನು ಅಜ್ಜಿಗೆ ಓದಿ ಹೇಳುವ ಕೆಲಸ ಐದನೇ ಕ್ಲಾಸಿನ ನನ್ನದು. ಕ್ಷೇಮ ಸಮಾಚಾರವೆಲ್ಲ ಕನ್ನಡದಲ್ಲಿತ್ತು. ಕೊನೆಯ ಸಾಲು ಮಾತ್ರ ಇಂಗ್ಲಿಷಿನಲ್ಲಿ, ‘ಐ ಮಿಸ್ ಯೂ’.

“ಅದೇನಮ್ಮಿ ಇಂಗ್ಲೀಸು?” ಎಂದಳು ಅಜ್ಜಿ.

ನನಗೆ ಗೊತ್ತಿದ್ದ ಮಿಸ್ ಒಂದೇ. “ಬಸ್ ತಪ್ಪೋಯ್ತಂತೆ ಕಣಜ್ಜಿ” ಎಂದೆ.

ಅಜ್ಜಿ ಹಸನು ಮಾಡುತ್ತಿದ್ದ ಅವರೆಕಾಳನ್ನು ಬಿಟ್ಟು ಎದ್ದಳು. “ನಮ್ಮನ್ನ ನೋಡಕ್ಕೆ ಒಂಟಿತ್ತೇನೋ ಮಗ. ಓಗ್ಲಾ, ಕರ್ಕಂಡ್ ಬಾ” ಎಂದು ಚಿಕ್ಕಪ್ಪನನ್ನು ಅಟ್ಟಿದಳು.

ತಲಕಾಡಿನಲ್ಲಿ ಚಿಕ್ಕಪ್ಪ ಅಕ್ಕನ ಅತ್ತೆಗೆ, “ಬಸ್ ಸಿಕ್ಕಿಲ್ವಂತಲ್ಲ, ಅದ್ಕೇ ಬಂದೆ” ಎಂದನಂತೆ. ನಾನು ಹೇಳಿದ ಅರ್ಥ ತಿಳಿದು ಅಕ್ಕ ಬಿದ್ದು ಬಿದ್ದು ನಕ್ಕಳಂತೆ, ನಗುತ್ತಲೇ ಅತ್ತುಬಿಟ್ಟಳಂತೆ. ಅದನ್ನು ನೋಡಿದ ಅತ್ತೆ ತಾವೇ ಅವಳ ಬಟ್ಟೆ ತುಂಬಿ, “ನಾಕು ದಿನ ಇದ್ದು ಬಾರವ್ವ” ಎಂದು ಕಳಿಸಿದರು. ಸಂಜೆ ಅಕ್ಕ ಬಂದವಳೇ ನನ್ನ ಕಿವಿ ಹಿಂಡಿ, ತಬ್ಬಿಕೊಂಡಳು.

ಈಗಲೂ ಅವಳ ಮೆಸೇಜು ಬರುತ್ತದೆ. ಇಂಗ್ಲಿಷ್ ಸಹವಾಸಕ್ಕೆ ಮಾತ್ರ ಹೋಗುವುದಿಲ್ಲ: “ನೋಡ್ಬೇಕು ಅನ್ಸ್ತದೆ ಕಣಮ್ಮಿ, ಬಂದ್ಬುಡು.”