ಮೂರು ಮೇಜಿನ ಸೋದರಳಿಯ

ದೀರಿಯೆ ರೋಬ್ಲೆಯ ಟೀ ಅಂಗಡಿಯಲ್ಲಿ ಇರುವುದೇ ಮೂರು ಮೇಜು. ನೈರೋಬಿಯ ಈಸ್ಟ್ಲಿಯಲ್ಲಿ, ಬಟ್ಟೆ ಮಳಿಗೆಗಳ ಹಿಂದಿನ ಓಣಿಯಲ್ಲಿ, ಹದಿನೆಂಟು ವರ್ಷದಿಂದ ಅವು ಒಂದಿಂಚೂ ಅಲುಗಾಡದೆ ನಿಂತಿವೆ. ಬಾಗಿಲ ಬಳಿಯದು ರೇರ್ ಗೂಲೇಡ್, ಅಂದರೆ ಗೂಲೇಡನ ಮನೆತನದವರದು. ಕೈತೊಳೆಯುವ ನಲ್ಲಿಯ ಪಕ್ಕದ್ದು ರೇರ್ ಶಿರ್ವಾದವರದು. ನಡುವಿನದು ರೇರ್ ಸಮತರದವರಾದ ನಮ್ಮದು. ಹೀಗೆಂದು ಎಲ್ಲೂ ಬೋರ್ಡು ಹಾಕಿಲ್ಲ. ಒಂಟೆಯ ತೊಡೆಯ ಮೇಲಿನ ಮುದ್ರೆ ನೋಡಿ ಯಾರ ಒಂಟೆಯೆಂದು ಹೇಳಬಲ್ಲ ಜನಕ್ಕೆ, ಕುರ್ಚಿಯ ಮೇಲಿನ ಬೆನ್ನು ನೋಡಿ ಯಾರ ಮೇಜೆಂದು ಹೇಳುವುದು ಕಷ್ಟವಲ್ಲ.

ಬೆಳಗಿನ ನಮಾಜು ಮುಗಿಸಿ ಬಂದು ಕೂತರೆ ಮಧ್ಯಾಹ್ನದ ನಮಾಜಿಗೇ ನಾವು ಏಳುವುದು. ಇದಕ್ಕೆ ನಮ್ಮ ಭಾಷೆಯಲ್ಲಿ ‘ಕೂತ ಕಾಳಗ’ ಎಂದು ಹೆಸರು. ಟೊರಾಂಟೊದ ಹಿಮದಲ್ಲಿ ಕೂತ ಒಬ್ಬ ಅಣ್ಣ, ಯುದ್ಧಕ್ಕೆ ಹೆದರಿ ಗಡಿಯಾಚೆ ಬಿಟ್ಟುಬಂದು ತಾನು ಮೂವತ್ತು ವರ್ಷದಿಂದ ಕಾಣದ ಊರಿಗೆ ಯಾರು ಜಿಲ್ಲಾಧಿಕಾರಿಯಾಗಬೇಕೆಂದು ಹನ್ನೊಂದು ನಿಮಿಷದ ಧ್ವನಿಸಂದೇಶ ಕಳಿಸುತ್ತಾನೆ. ಅದಕ್ಕೆ ಬರ್ಮಿಂಗ್‌ಹ್ಯಾಮಿನ ತಮ್ಮ ಹದಿನಾಲ್ಕು ನಿಮಿಷದ ಉತ್ತರ ಕೊಡುತ್ತಾನೆ. ಎರಡನ್ನೂ ಜೋರಾಗಿ ಹಾಕಿ, ಕೇಳಿ, ಉಗಿಯುವುದು ನಮ್ಮ ಕೆಲಸ. ಟೀಗಿಂತ ಟೀಕೆ ಹೆಚ್ಚು ಖರ್ಚಾಗುವ ಅಂಗಡಿ ಅದು.

ಮೂರು ಮೇಜುಗಳೂ ಒಮ್ಮತಕ್ಕೆ ಬರುತ್ತಿದ್ದುದು ಒಂದೇ ವಿಷಯದಲ್ಲಿ: ರೇರ್ ಹರೇಡ್‌ನವರನ್ನು ಬೈಯುವುದರಲ್ಲಿ. ಆ ಮನೆತನದವರು ಯಾರೂ ಈ ಓಣಿಗೆ ಬರುತ್ತಿರಲಿಲ್ಲವಾದ್ದರಿಂದ ಬೈಗುಳಕ್ಕೆ ಅಡ್ಡಿಯಿರಲಿಲ್ಲ. ಬಾಗಿಲ ಮೇಜಿನ ಹಾಜಿ ಬೇಯ್ಲೆ, ಮೆಹಂದಿ ಹಚ್ಚಿದ ಗಡ್ಡವನ್ನು ನೀವಿಕೊಳ್ಳುತ್ತ, “ಹರೇಡ್‌ನವರ ಮನೇಲಿ ನೀರು ಕೇಳಿದ್ರೆ ಬಾವಿ ದಾರಿ ತೋರಿಸ್ತಾರೆ, ಹಗ್ಗ ಮಾತ್ರ ಬಚ್ಚಿಡ್ತಾರೆ” ಅನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ನಲ್ಲಿ ಮೇಜಿನ ವರ್ಫಾ ಮಾತ್ರ ನಗುತ್ತಿರಲಿಲ್ಲ. ಅವನ ಅಣ್ಣ ಒಂದು ಬಾವಿಯ ಜಗಳದಲ್ಲಿ ಹರೇಡ್‌ನವರ ಗುಂಡಿಗೆ ಸತ್ತಿದ್ದ. ಅವನ ಬೈಗುಳದಲ್ಲಿ ತಮಾಷೆ ಇರುತ್ತಿರಲಿಲ್ಲ.

ಈ ಗದ್ದಲದ ನಡುವೆ ದೀರಿಯೆ ಏಲಕ್ಕಿ ಕುಟ್ಟುತ್ತ, ಹಾಲು ಉಕ್ಕಿಸುತ್ತ, ಸಂಬೂಸ ಕರಿಯುತ್ತ ಓಡಾಡುತ್ತಿದ್ದ. ನಲವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ಅವನು ಯಾವ ಮನೆತನದವನೆಂದು ಹದಿನೆಂಟು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಜನಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ನಮ್ಮಲ್ಲಿ ಮಗು ಹಾಲುಹಲ್ಲು ಬೀಳುವ ಮೊದಲೇ ಇಪ್ಪತ್ತು ತಲೆಮಾರಿನ ಹೆಸರು ಒಪ್ಪಿಸುತ್ತದೆ. ಋಷಿಮೂಲ ನದಿಮೂಲ ಕೇಳಬಾರದು ಅನ್ನುವವರು ನಮ್ಮ ಕಡೆ ಹುಟ್ಟಿಲ್ಲ. ನಮ್ಮಲ್ಲಿ ನದಿಗಳೇ ಎರಡು, ಉಳಿದ ಸಮಯವೆಲ್ಲ ಮೂಲ ಕೇಳುವುದಕ್ಕೇ ಇದೆ. ಆದರೆ ದೀರಿಯೆಯ ಗೋತ್ರ ಕೇಳಿದರೆ ಅವನು ಪಾತ್ರೆ ತೋರಿಸುತ್ತಿದ್ದ: “ಇನ್ನೊಂದ್ ಲೋಟ ಹಾಕ್ಲಾ, ಅಬ್ತಿ?”

ಆ ‘ಅಬ್ತಿ’ಯಲ್ಲೇ ಎಲ್ಲ ಅಡಗಿತ್ತು. ಅಬ್ತಿ ಅಂದರೆ ತಾಯಿಯ ಅಣ್ಣತಮ್ಮ, ಸೋದರಮಾವ. ಹಿರಿಯರನ್ನು ‘ಅದೀರ್’, ಚಿಕ್ಕಪ್ಪ, ಎಂದು ಕರೆಯುವುದು ವಾಡಿಕೆ; ಆದರೆ ಹಾಗೆ ಕರೆದರೆ ‘ಯಾವ ಕಡೆಯಿಂದ ಚಿಕ್ಕಪ್ಪನಪ್ಪಾ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಸೋದರಮಾವ ಅಂದವನನ್ನು ಯಾರೂ ಹಾಗೆ ಕೇಳುವುದಿಲ್ಲ, ಎದೆ ಉಬ್ಬಿಸಿಕೊಳ್ಳುತ್ತಾರೆ. ‘ಓಹೋ, ಇವನ ತಾಯಿ ನಮ್ಮ ಮನೆ ಹುಡುಗಿ’ ಎಂದು ಗೂಲೇಡ್‌ನವರು ಅಂದುಕೊಂಡರು. ಶಿರ್ವಾದವರೂ ಅದನ್ನೇ ಅಂದುಕೊಂಡರು. ನಮ್ಮ ಮೇಜಿನ ಮಾತಂತೂ ಬಿಡಿ, ನಾವು ಅವನ ತಾಯಿ ನಮ್ಮ ಯಾವ ಅಜ್ಜನ ಮಗಳೆಂದು ಕೂಡ ತೀರ್ಮಾನಿಸಿಯಾಗಿತ್ತು. ಒಂದು ಮೇಜಿನ ಗುಟ್ಟನ್ನು ಇನ್ನೊಂದು ಮೇಜಿಗೆ ಹೇಳುವುದುಂಟೆ? ಆದ್ದರಿಂದ ಮೂರು ಮೇಜೂ ಅವನನ್ನು ಗುಟ್ಟಾಗಿ ಪ್ರೀತಿಸಿದವು.

ಎಲ್ಲ ಕೆಟ್ಟದ್ದು ಅವನ ಮಗಳು ಇದಿಲ್‌ಳ ಮದುವೆಯ ಮಾತು ಬಂದಾಗ.

ಇದಿಲ್ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗ ಮಾಹದ್, ಲೆಸ್ಟರಿನಲ್ಲಿ ಬಸ್ಸು ಓಡಿಸುವವನು, ಅಜ್ಜಿಯನ್ನು ನೋಡಲು ಬಂದವನು ತಲೆನೋವಿನ ಮಾತ್ರೆಗೆಂದು ಆ ಅಂಗಡಿಗೆ ಹೋದ. ಒಂದು ತಿಂಗಳಲ್ಲಿ ಹದಿನೇಳು ಸಲ ತಲೆನೋವು ಬಂತು. ಅವನ ಚಿಕ್ಕಪ್ಪ ಹಾಶಿ, ಗಾರಿಸ್ಸಾ ಊರಿನ ದೊಡ್ಡ ಮನುಷ್ಯ, ನ್ಯಾಯ ಪಂಚಾಯ್ತಿ ಮಾಡುವವನು. ಹುಡುಗಿಯ ಮೂಲ ವಿಚಾರಿಸಲು ಒಬ್ಬನನ್ನು ಟೀ ಅಂಗಡಿಗೆ ಕಳಿಸಿದ. ಅವನು ಮೂರು ಮೇಜಿನಲ್ಲೂ ಒಂದೊಂದು ಲೋಟ ಟೀ ಕುಡಿದು ಹೋಗಿ, “ಹುಡುಗಿ ಅಪ್ಪನಿಗೆ ಮೂರು ಜನ ತಾಯಂದಿರು, ಅಪ್ಪ ಒಬ್ಬನೂ ಇಲ್ಲ” ಎಂದು ವರದಿ ಒಪ್ಪಿಸಿದ.

ಹಾಶಿ ನಗಲಿಲ್ಲ. ದೀರಿಯೆಗೆ ಹೇಳಿಕಳಿಸಿದ: “ಗುರುವಾರ ಹೆಣ್ಣು ಕೇಳೋಕೆ ಹಿರಿಯರ ಜೊತೆ ಬರ್ತೀವಿ. ನಿಮ್ಮ ಕಡೆ ಹಿರಿಯರನ್ನ ಕೂರ್ಸಿ. ನೀವ್ಯಾರು ಅಂತ ಅಲ್ಲೇ ಹೇಳ್ಬೇಕು. ಹೆಸರಿಲ್ಲದ ಮನೆಗೆ ನಾವು ಮಾತು ಕೊಡಲ್ಲ.”

ಅಂದು ದೀರಿಯೆ ಟೀಗೆ ಎರಡು ಸಲ ಉಪ್ಪು ಹಾಕಿದ. ಮೂರನೇ ಸಲ ಹಾಕುವಷ್ಟರಲ್ಲಿ ಹೆಂಡತಿ ಶಂಸೊ ಅಡುಗೆಮನೆಯಿಂದ ಬಂದು ಡಬ್ಬ ಕಿತ್ತುಕೊಂಡಳು. ನಾನು ಹತ್ತಿರದಲ್ಲೇ ಕೂತಿದ್ದೆ. ಅವರು ಪಿಸುಗುಟ್ಟಿದ್ದು ಪಿಸುಮಾತಿನಂತಿರಲಿಲ್ಲ.

“ಹೇಳ್ಬಿಡಿ, ಇದಿಲ್ ಅಪ್ಪಾ. ಒಂದ್ ದಿನ ಹೇಳಲೇಬೇಕಲ್ಲ.”

“ಹೇಳಿದ್ರೆ ಶುಕ್ರವಾರದಿಂದ ಅಂಗಡೀಲಿ ನಾನೂ ನೀನೂ ಕೂತು ಟೀ ಕುಡೀಬೇಕು.”

“ಕುಡಿಯೋಣ ಬಿಡಿ. ಹದಿನೆಂಟ್ ವರ್ಷದಿಂದ ನನಗೊಂದ್ ಲೋಟ ಬಿಸಿ ಟೀ ಸಿಕ್ಕಿಲ್ಲ.”

ಇದಿಲ್ ಬಂದು ಅಪ್ಪನ ಮುಂದೆ ನಿಂತಳು. “ಆಬೊ, ನಿಮ್ಗೆ ಕಷ್ಟ ಆದ್ರೆ ಬೇಡ. ಮಾಹದ್‌ಗೆ ನಾನೇ ಹೇಳ್ತೀನಿ.” ಹಾಗೆ ಹೇಳುವಾಗ ಅವಳು ಅಪ್ಪನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಮಾತ್ರೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. ದೀರಿಯೆ ಆ ಚೀಟಿಯನ್ನೇ ನೋಡುತ್ತಿದ್ದ.

ಗುರುವಾರ ಮಧ್ಯಾಹ್ನ ಮೂರು ಮೇಜುಗಳನ್ನೂ ಗೋಡೆಗೆ ಸರಿಸಿ ಚಾಪೆ ಹಾಸಿದರು. ಹಾಶಿ ಆರು ಜನ ಹಿರಿಯರೊಂದಿಗೆ ಬಂದು ಒಂದು ಕಡೆ ಕೂತ. ಎದುರು ಕಡೆ ದೀರಿಯೆ ಒಬ್ಬನೇ. ಅವನ ಪಕ್ಕದಲ್ಲಿ ಒಂದು ಫೋನು ನಿಲ್ಲಿಸಿತ್ತು, ಅದರಲ್ಲಿ ಓಸ್ಲೋದ ಒಬ್ಬ ದಾಯಾದಿ ಕೋಟು ಟೋಪಿ ಹಾಕಿಕೊಂಡು ಕಾಣಿಸುತ್ತಿದ್ದ, ಆಗಾಗ್ಗೆ ಮುಖ ಗಟ್ಟಿಯಾಗಿ ನಿಂತುಬಿಡುತ್ತಿತ್ತು.

ಆಗ ಹಾಜಿ ಬೇಯ್ಲೆ ಹೊಸ ಲುಂಗಿ ಉಟ್ಟು ನಾಲ್ವರೊಂದಿಗೆ ಒಳಬಂದ. “ಸೋದರಮಾವಂದಿರು ಬಂದಿದೀವಿ” ಎಂದ ಗಂಭೀರವಾಗಿ. ಅವನ ಹಿಂದೆಯೇ ನಾವು ಐವರು ಅತ್ತರು ಹಚ್ಚಿಕೊಂಡು ಬಂದೆವು. “ನಾವೂ ಸೋದರಮಾವಂದಿರೇ” ಎಂದೆವು. ಅಷ್ಟರಲ್ಲಿ ವರ್ಫಾ ತನ್ನ ಕಡೆಯವರನ್ನು ಕರೆದುಕೊಂಡು ಬಂದು ಬಾಗಿಲಲ್ಲೇ ನಿಂತ. ಮೂರು ಗುಂಪೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

“ಯಾರ ಸೋದರಮಾವ ಕಣಯ್ಯಾ ನೀನು?” ಎಂದ ಬೇಯ್ಲೆ ನನಗೆ.

“ಇವನ್ದು. ನೀವು?”

“ಇವನ್ದೇ.”

“ಇವನ ತಾಯಿ ನಮ್ಮ ಹುಡುಗಿ!” ಎಂದ ವರ್ಫಾ.

“ನಿಮ್ಮ ಹುಡುಗಿಯರು ಇಷ್ಟು ತಾಳ್ಮೆ ಇರೋ ಮಗನ್ನ ಯಾವತ್ತು ಹೆತ್ತಿದಾರೆ?” ಎಂದ ಬೇಯ್ಲೆ.

ಹಾಶಿ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ. ಬೇಯ್ಲೆಯವರೂ ನಾವೂ ಗೋಡೆ ಬದಿಗೆ ಕೂತೆವು. “ಮಾವಂದಿರು ಬೇಕಾದಷ್ಟಿದಾರೆ. ನಾನು ಅಪ್ಪನ ಮನೆ ಕೇಳೋಕೆ ಬಂದಿದೀನಿ. ದೀರಿಯೆ, ನೀನ್ಯಾರಪ್ಪ?”

ದೀರಿಯೆ ಕಾಲು ಮಡಚಿ ಕೂತ. ಗಂಟಲು ಸರಿಮಾಡಿಕೊಂಡ. “ದೀರಿಯೆ, ರೋಬ್ಲೆಯ ಮಗ. ರೋಬ್ಲೆ, ಆದನ್‌ನ ಮಗ. ಆದನ್, ಶೀಲ್‌ನ ಮಗ...” ಹೀಗೆ ಒಂದೊಂದೇ ಹೆಸರು ಇಳಿಸುತ್ತ ಹೋದ. ಹನ್ನೊಂದನೆಯ ಹೆಸರಿಗೆ ಬಂದು ನಿಂತ. ಆಮೇಲೆ ಹೇಳಿದ: “ಹರೇಡ್. ನಾನು ರೇರ್ ಹರೇಡ್.”

ಹದಿನೆಂಟು ವರ್ಷ, ದಿನಕ್ಕೆ ಎರಡು ಸಲವಾದರೂ, ಆ ಹೆಸರಿಗೆ ಉಗಿದು ಅದೇ ಬಾಯಲ್ಲಿ ಅವನ ಕೈಯ ಟೀ ಕುಡಿದಿದ್ದೆವು. ‘ಚೆನ್ನಾಗಿ ಬೈದ್ರಿ ಅಬ್ತಿ’ ಎಂಬಂತೆ ಅವನು ಲೋಟ ತುಂಬಿಸಿದ್ದ.

ಬಾಗಿಲಲ್ಲಿ ನಿಂತಿದ್ದ ವರ್ಫಾ ತಿರುಗಿ ಹೊರಟುಹೋದ.

“ಯಾಕೋ ಹೇಳ್ಲಿಲ್ಲ?” ಎಂದ ಬೇಯ್ಲೆ. ಅವನ ಧ್ವನಿ ಕುಗ್ಗಿತ್ತು.

“ನನಗೆ ಆಗ ಹನ್ನೆರಡು ವರ್ಷ, ಅಬ್ತಿ. ಯುದ್ಧ ಶುರುವಾಗಿತ್ತು. ನಮ್ಮಪ್ಪನ ಲಾರಿ ಕಿಸ್ಮಾಯೊ ದಾರೀಲಿ ಬರ್ತಾ ಇತ್ತು. ಹತ್ತು ಮೈಲಿಗೊಂದು ಹಗ್ಗ ಕಟ್ಟಿದ್ರು, ಹಗ್ಗದ ಹತ್ರ ಬಂದೂಕು ಹಿಡಿದೋರು. ‘ನೀನ್ಯಾರು’ ಅಂತ ಒಂದೇ ಪ್ರಶ್ನೆ. ಒಂದು ಹಗ್ಗದಲ್ಲಿ ಸರಿಯಾಗಿದ್ದ ಉತ್ತರ ಮುಂದಿನ ಹಗ್ಗದಲ್ಲಿ ತಪ್ಪು. ನಮ್ಮಪ್ಪ ಹೇಳಿಕೊಟ್ಟ: ‘ಕೇಳೋನು ಯಾರೇ ಇರ್ಲಿ, ಅಬ್ತಿ ಅನ್ನು. ಸೋದರಳಿಯನ್ನ ಹೊಡೆಯೋಕೆ ಎಂಥವನೂ ಒಂದು ಗಳಿಗೆ ಯೋಚ್ನೆ ಮಾಡ್ತಾನೆ. ಆ ಗಳಿಗೇಲಿ ಲಾರಿ ದಾಟಿಸ್ತೀನಿ.’ ಏಳು ಹಗ್ಗ ದಾಟಿದ್ವಿ. ಆಮೇಲೆ ಬಾಯಿಗೆ ಅದೇ ಅಭ್ಯಾಸ ಆಗೋಯ್ತು. ಇಲ್ಲೂ ಮೂರು ಹಗ್ಗ ಇತ್ತಲ್ಲ.”

ಫೋನಿನಲ್ಲಿದ್ದ ಓಸ್ಲೋದವನು “ಕೇಳಿಸ್ತಾ ಇದೆಯಾ? ಕೇಳಿಸ್ತಾ ಇದೆಯಾ?” ಎಂದು ಕೂಗುತ್ತಿದ್ದ.

ಹಾಶಿ ನ್ಯಾಯ ಹೇಳಿ ರೂಢಿಯಿದ್ದವನು. ಮದುವೆಯ ಮಾತನ್ನು ಪಕ್ಕಕ್ಕಿಟ್ಟು ನಮ್ಮ ಕಡೆ ತಿರುಗಿದ. “ಒಬ್ಬನ ಮನೆತನಾನ ಅವನ ಎದುರಿಗೇ ಬೈದ್ರೆ ಹಾಲ್ ಕೊಡಬೇಕು. ಹೌದೋ ಅಲ್ವೋ?”

ಹಾಲ್ ಅಂದರೆ ಅವಮಾನಕ್ಕೆ ಕೊಡುವ ಪರಿಹಾರ. ಕೇಳುವುದಕ್ಕೆ ಹಾಲಿನಂತಿದ್ದರೂ ಕೊಡುವವನಿಗೆ ಬೇವಿನಷ್ಟು ಕಹಿ. ಕೊಡದೆ ಎದ್ದುಹೋದವನ ಮಾತಿಗೆ ಆಮೇಲೆ ಯಾವ ಪಂಚಾಯ್ತಿ ಮರದಡಿಯಲ್ಲೂ ಬೆಲೆಯಿಲ್ಲ.

“ನಮಗೆ ಗೊತ್ತಿರ್ಲಿಲ್ಲವಲ್ಲ!” ಎಂದೆ ನಾನು.

“ಕುರುಡ ಒದ್ರೂ ಒದೆ ಒದೆಯೇ” ಎಂದ ಹಾಶಿ.

ಬೇಯ್ಲೆ ಕೂತಲ್ಲೇ ಒಮ್ಮೆ ಅತ್ತಿತ್ತ ಸರಿದಾಡಿ ಬಾಯಿಬಿಟ್ಟ. “ಹೌದು. ಕೊಡಬೇಕು. ಬಾವಿ ಹಗ್ಗದ ಮಾತು ನಂದೇ. ನೂರು ಸಲ ಹೇಳಿದೀನಿ. ಏನ್ ಬೇಕೋ ಕೇಳು, ದೀರಿಯೆ. ಒಂಟೆ ಕೇಳಿದ್ರೆ ಒಂಟೆ.”

“ಈ ಓಣೀಲಿ ಒಂಟೆ ಎಲ್ಲಿ ಕಟ್ಲಿ, ಅಬ್ತಿ? ನಲ್ಲಿಗಾ?” ಎಂದ ದೀರಿಯೆ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವನು ನಗಲಿಲ್ಲ. ತನ್ನ ಎಡಬಲದ ಖಾಲಿ ಚಾಪೆಯನ್ನು ಕೈಯಿಂದ ಒರೆಸಿದ. “ನನ್ನ ಕಡೆ ಹಿರಿಯರಿಲ್ಲ. ಇದ್ದೋರು ಹೋದ್ರು, ಉಳಿದೋರು ಫೋನಲ್ಲಿದಾರೆ. ಹೆಣ್ಣು ಕೇಳೋಕೆ ಬಂದೋರ ಎದುರು ಒಬ್ಬನೇ ಕೂರೋದು ನನಗಿಂತ ನನ್ನ ಮಗಳಿಗೆ ಅವಮಾನ. ಇಲ್ಲಿ ಬಂದು ಕೂತ್ಕೊಳ್ಳಿ. ಮಾವಂದಿರಾಗಿ ಅಲ್ಲ. ಅಪ್ಪನ ಕಡೆಯೋರಾಗಿ. ಅದೇ ನನ್ನ ಹಾಲ್.”

ಇಂಥ ಕೋರಿಕೆಯನ್ನು ಬೇಯ್ಲೆ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಗೂಲೇಡ್‌ನವನೊಬ್ಬ ಹರೇಡ್‌ನವರ ಹಿರಿಯನಾಗಿ ಕೂರುವುದೆಂದರೇನು? ಈ ಸುದ್ದಿ ಸಂಜೆಯೊಳಗೆ ಟೊರಾಂಟೊ ತಲುಪುತ್ತದೆ, ರಾತ್ರಿಯೊಳಗೆ ಹನ್ನೊಂದು ನಿಮಿಷದ ಉಗಿತ ವಾಪಸ್ಸು ಬರುತ್ತದೆ. ಅವನು ಗಡ್ಡ ನೀವಿದ. ಬಾಗಿಲ ಕಡೆ ನೋಡಿದ. ಅಡುಗೆಮನೆಯ ಪರದೆಯ ಸಂದಿಯಲ್ಲಿ ಇದಿಲ್‌ಳ ಕಣ್ಣು ಕಾಣಿಸುತ್ತಿತ್ತು. ಚಿಕ್ಕವಳಿದ್ದಾಗ ಅವಳಿಗೆ ಓದು ಕಲಿಸಿದವನು ಅವನೇ, ಪತ್ರಿಕೆಯ ದಪ್ಪಕ್ಷರ ತೋರಿಸಿ.

“ಏಳ್ರೋ” ಎಂದ ತನ್ನವರಿಗೆ. ಎದ್ದುಹೋಗಿ ದೀರಿಯೆಯ ಬಲಕ್ಕೆ ಕೂತ. ನಾವು ಎಡಕ್ಕೆ ಕೂತೆವು. ವರ್ಫಾನ ಜೊತೆ ಬಂದವರಲ್ಲಿ ಇಬ್ಬರು ಹಿಂದೆ ಕೂತರು, ಒಬ್ಬ ಬಾಗಿಲಲ್ಲೇ ನಿಂತ. ನಿಂತವನೂ ಹೋಗಲಿಲ್ಲ.

“ಅಪ್ಪನ ಕಡೇದು ಆಯ್ತು” ಎಂದು ಬೇಯ್ಲೆ ದೀರಿಯೆಯ ಕಿವಿಯ ಬಳಿ ಬಗ್ಗಿದ. “ನಿಜ ಹೇಳು, ನಿನ್ನ ತಾಯಿ ನಮ್ಮೋಳು ತಾನೇ?”

“ಇವತ್ತಿಗೆ ಒಂದು ಸಾಕು, ಅಬ್ತಿ.”

ಆಮೇಲೆ ಮಾತುಕತೆ ಶುರುವಾಯಿತು. ಹುಡುಗಿಯನ್ನು ಹೊಗಳುವ ಕೆಲಸ ನಮ್ಮದಾಗಿದ್ದರಿಂದ ಎಲ್ಲರೂ ಒಟ್ಟಿಗೆ ಹೊಗಳಿದೆವು. ಹುಡುಗನ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಲೆಸ್ಟರಿನಲ್ಲಿ ಒಂಟೆ ಹಾಲು ಸಿಗುತ್ತದೆಯೇ, ಹುಡುಗಿಗೆ ಅಲ್ಲಿ ಕೆಲಸ ಮಾಡಲು ಬಿಡುತ್ತಾರೆಯೇ ಎಂದು ಹಾಶಿಯನ್ನು ಸುತ್ತುಗಟ್ಟಿ ಕೇಳಿದೆವು. ರೇರ್ ಹರೇಡ್‌ನ ಹೆಣ್ಣೆಂದರೆ ಏನೆಂದುಕೊಂಡಿದ್ದೀರಿ ಎಂದು ಬೇಯ್ಲೆ ಗದರಿದಾಗ ನನಗೇ ನಗು ತಡೆಯಲಾಗಲಿಲ್ಲ. ಮುಕ್ಕಾಲು ಗಂಟೆಯಾದರೂ ಮುಗಿಯುವ ಲಕ್ಷಣವಿಲ್ಲದಾಗ ಪರದೆಯ ಹಿಂದಿನಿಂದ ಶಂಸೊ ಕೂಗಿದಳು: “ಮೊದಲು ಹೂಂ ಅನ್ನಿ, ಆಮೇಲೆ ಜಗಳ ಆಡಿ. ಅನ್ನ ಆರ್ತಾ ಇದೆ!”

ಹೂಂ ಅಂದೆವು. ಮಾತು ಗಟ್ಟಿಯಾಗಲೆಂದು ಫಾತಿಹಾ ಪ್ರಾರ್ಥನೆ ಓದಿದೆವು. ಮೇಕೆ ಮಾಂಸ, ಅನ್ನ, ಪಕ್ಕಕ್ಕೊಂದೊಂದು ಬಾಳೆಹಣ್ಣು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೂರು ಮನೆತನದವರು ಒಂದೇ ತಟ್ಟೆಗೆ ಕೈಹಾಕಿದೆವು. ನಮ್ಮ ಮೇಜಿನ ಇಲ್ಮಿ ದೊಡ್ಡ ತುಂಡು ಎಳೆದುಕೊಂಡದ್ದು ಬೇಯ್ಲೆಗೆ ಇನ್ನೂ ನೆನಪಿದೆ.

ಶುಕ್ರವಾರ ಅಂಗಡಿ ತೆರೆದಾಗ ಮೇಜುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು, ನಾವೂ ಮರಳಿದೆವು. ನಲ್ಲಿ ಮೇಜಿನಲ್ಲಿ ವರ್ಫಾನ ಕುರ್ಚಿ ಮಾತ್ರ ಖಾಲಿ. ಒಂದು ವಾರ ಹಾಗೇ ಇತ್ತು. ಎಂಟನೆಯ ದಿನ ಬೆಳಿಗ್ಗೆ ದೀರಿಯೆ ಒಂದು ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದ. ವರ್ಫಾ ಬಾಗಿಲು ತೆರೆದು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದ. ಒಳಗೆ ಕರೆಯಲಿಲ್ಲ, ಬಾಗಿಲೂ ಹಾಕಲಿಲ್ಲ.

“ನಿಮ್ಮಣ್ಣನ್ನ ಕೊಂದೋನು ನನಗೆ ಗೊತ್ತಿಲ್ಲ” ಎಂದ ದೀರಿಯೆ. “ಗೊತ್ತಿಲ್ಲ ಅಂತ ಹೇಳೋಕೂ ನನಗೆ ಹದಿನೆಂಟು ವರ್ಷ ಬೇಕಾಯ್ತು. ಅದು ನನ್ನ ತಪ್ಪು.”

ವರ್ಫಾ ಫ್ಲಾಸ್ಕಿಗೆ ಕೈ ಚಾಚಿದ. ಮುಚ್ಚಳದಲ್ಲಿ ಸುರಿದುಕೊಂಡು, ಹೊಸ್ತಿಲ ಮೇಲೇ ಕೂತು, ಒಂದು ಗುಟುಕು ಕುಡಿದ. ಬೀದಿಯಲ್ಲಿ ಒಂದು ಮತಾಟು ವ್ಯಾನು ಹಾಡು ಹಚ್ಚಿಕೊಂಡು ಹೋಯಿತು.

“ನಿಕಾಹ್ ಯಾವತ್ತು?” ಎಂದು ಕೇಳಿದ.

“ಬರೋ ಭಾನುವಾರ.”

“ಆ ಬೇಯ್ಲೆ ಗಡ್ಡಕ್ಕೆ ಇನ್ನೊಂದು ಸಲ ಮೆಹಂದಿ ಹಚ್ಚಿಕೊಂಡು ಮುಂದಿನ ಸಾಲಲ್ಲಿ ಕೂರ್ತಾನೆ ನೋಡು” ಎಂದ ವರ್ಫಾ. “ನನಗೊಂದು ಜಾಗ ಹಿಡಿದಿಡು. ಅವನ ಪಕ್ಕ ಬೇಡ.”