ರಾಕೆಟ್ಟಿಗೆ ಅಂಗಿ ಹೊಲಿದ ಬಸಲಿಂಗಪ್ಪ

ನಾಲ್ಕು ಕಿಲೋ ಪ್ಲಾಸ್ಟಿಕ್ ಚೂರಿಗೆ ಬಸಲಿಂಗಪ್ಪ ಕಾಕಾ ಇನ್ನೂರು ರೂಪಾಯಿ ಕೊಟ್ಟರು. ಆಗಿನ ಪೇಟೆಯಲ್ಲಿ ಅದು ಹೆಚ್ಚೆಂದರೆ ಎಂಬತ್ತರ ಮಾಲು. ನಾನಾಗಿದ್ದರೆ ಅರವತ್ತಕ್ಕೆ ಇಳಿಸುತ್ತಿದ್ದೆ, ಕಾಕಾ ಮನಸ್ಸು ಮಾಡಿದ್ದರೆ ಐವತ್ತಕ್ಕೆ. ನನಗೆ ಚೌಕಾಶಿ ಕಲಿಸಿದ ಆ ಮನುಷ್ಯ ಚೌಕಾಶಿ ಮಾಡದೆ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾಕಾ ಖಾನಾಪುರದವರು. ದಿನಾ ಪ್ಯಾಸೆಂಜರ್ ರೈಲು ಹತ್ತಿ ಬೆಳಗಾವಿಗೆ ಬಂದು, ಕ್ಯಾಂಪಿನಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದರು. ಅದೇ ಓಣಿಯಲ್ಲಿ ನಾನು ಹಳೇ ಸಾಮಾನು ಕೊಂಡು ಮಾರುತ್ತಿದ್ದೆ. ವರ್ಗವಾದ ಅಧಿಕಾರಿಗಳು ಬಂಗಲೆ ಬಿಡುವ ಮುಂಚೆ ಬೇಡವಾದದ್ದನ್ನೆಲ್ಲ ಅಂಗಳದಲ್ಲಿ ಹರವಿ ಮಾರಿಸುತ್ತಿದ್ದರು. ಕೊರಳಲ್ಲಿ ಟೇಪು ಹಾಕಿಕೊಂಡೇ ಕಾಕಾ ಅಲ್ಲಿಗೆ ಹಾಜರು. ಅವರ ಕಣ್ಣೆಲ್ಲ ಒಂದರ ಮೇಲೆ: ಹಳೇ ಪ್ಲಾಸ್ಟಿಕ್ಕಿನ ಆಟಿಕೆ ಆಕಾಶನೌಕೆ. ಇಪ್ಪತ್ತು ಮೂವತ್ತು ವರ್ಷದ ಹಿಂದಿನವು, ನೆಲಕ್ಕೆ ಉಜ್ಜಿ ಬಿಟ್ಟರೆ ಗುರ್ರೆಂದು ಓಡುವಂಥವು, ಗಾಜಿನಂಥ ಗುಮ್ಮಟದೊಳಗೆ ಉಗುರಿನಷ್ಟು ಸವಾರ ಕೂತಿರುವಂಥವು.

ಕೊಳ್ಳುವ ರೀತಿ ಮಾತ್ರ ನೋಡಿ ಕಲಿಯುವಂಥದ್ದು. ಮೊದಲು ಇಸ್ತ್ರಿ ಪೆಟ್ಟಿಗೆ ಎತ್ತಿ ಅದರ ಹಿಡಿಕೆಗೆ ಬೈಯುವರು. ಆಮೇಲೆ ಬೆತ್ತದ ಕುರ್ಚಿಯ ಕಾಲು ಅಲ್ಲಾಡಿಸುವರು. ಎರಡನ್ನೂ ಬಿಟ್ಟು ಗೇಟಿನವರೆಗೆ ಹೋಗಿ, ಏನೋ ನೆನಪಾದವರಂತೆ ತಿರುಗಿ ತೋಟದ ಮಾಲಿಗೆ ಹೇಳುವರು: "ಆ ಕಸಾನೂ ಚೀಲಕ್ಕ ಒಗೀರಿ, ಮೊಮ್ಮಗ ಆಡ್ತೈತಿ." ಕಾಕಾಗೆ ಮಕ್ಕಳೇ ಇರಲಿಲ್ಲ. ಮೊಮ್ಮಗ ಮಾತ್ರ ಬಂಗಲೆಗೊಬ್ಬ ಹುಟ್ಟುತ್ತಿದ್ದ.

"ಇದರ ಹುಚ್ಚು ಯಾಕ ಹತ್ತಿತು ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಆಟಿಕಿ ಬಸ್ ಮಾಡಿದಾಂವ ಬಸ್ ನೋಡ್ಯಾನ, ಎತ್ತು ಮಾಡಿದಾಂವ ಎತ್ತು ನೋಡ್ಯಾನ. ಇದನ್ನ ಮಾಡಿದಾಂವ ಯಾರ ಅಳತಿ ತಗೊಂಡಾನೋ ತಮ್ಮಾ? ಅಳತಿ ಇಲ್ಲದ ಹೊಲದಾನ, ಆದ್ರೂ ಎಲ್ಲೂ ಜಗ್ಗಿಲ್ಲ ನೋಡು!"

ಖಾನಾಪುರದ ಮನೆಯಲ್ಲಿ ಒಂದು ಟ್ರಂಕಿನ ತುಂಬ ಮೂವತ್ತೆಂಟು ನೌಕೆಗಳಿದ್ದವು. ಒಂದೊಂದಕ್ಕೂ ಉಳಿದ ಖಾಕಿ ತುಂಡಿನಲ್ಲಿ ಅಳತೆ ಹಿಡಿದು ಚೀಲ ಹೊಲಿದಿದ್ದರು, ಬಾಯಿಗೆ ಲಾಡಿ ಸಮೇತ. ಕಾಕಾನ ಹೆಂಡತಿ ಶಾಂತಾ ಕಾಕು ಚಹಾ ತಂದಿಟ್ಟು ಹಂಗಿಸಿದರು: "ನನಗೊಂದು ಕುಪ್ಪಸ ಹೊಲಿಯಾಕ ವ್ಯಾಳ್ಯಾ ಇಲ್ಲ ಇವ್ರಿಗೆ. ಕಸಕ್ಕ ಅಂಗಿ ಹೊಲೀತಾರ!"

"ತುಂಡ ಅರಿವಿ ಹಾಳಾಗಬಾರದಂತ ಹೊಲದೀನಿ. ಎರಡೆರಡು ರೂಪಾಯಿ ಮಾಲು ಅದು," ಎಂದರು ಕಾಕಾ. ಆ ನೌಕೆಗಳಲ್ಲಿ ಒಂದಕ್ಕೆ ಅವರು ಒಂದು ತಿಂಗಳ ದುಡಿಮೆ ಸುರಿದದ್ದು ನನಗೆ ಗೊತ್ತು. ಮಾರಿದವನು ನಾನೇ.

"ಕಾಕುಗಾದ್ರೂ ಖರೇ ಬೆಲಿ ಹೇಳ್ರಿ," ಎಂದೆ ಹೊರಗೆ ಬಂದಮೇಲೆ.

"ಮನ್ಯಾಗ ಹೇಳಿದ್ರ ಓಣಿಗೆ ಹೇಳಿದಂಗ. ಓಣಿಗೆ ಗೊತ್ತಾದ್ರ ನಿನ್ನಂಥಾ ವ್ಯಾಪಾರಿಗೆಲ್ಲಾ ಗೊತ್ತಾತು. ನಾಳಿಂದ ನನಗ ಯಾರು ಅಗ್ಗಕ್ಕ ಕೊಡ್ತಾರ?"

ಇನ್ನೊಂದು ಸಲ ಕಾಕು ಬಾಗಿಲಲ್ಲಿ ನನ್ನನ್ನೇ ತಡೆದು ಕೇಳಿದರು: "ತಮ್ಮಾ, ಖರೇ ಹೇಳು. ಆ ಟ್ರಂಕಿನ್ಯಾಗಿಂದಕ್ಕ ಏನರೆ ಬೆಲಿ ಐತೇನು?" ದಂಧೆಯ ನಿಷ್ಠೆ ನೋಡಿ, ಕೈಯಲ್ಲಿ ಅವರದೇ ಚಹಾ ಹಿಡಿದುಕೊಂಡು ಹೇಳಿದೆ: "ಕಿಲೋ ಲೆಕ್ಕದ ಮಾಲು ಬಿಡ್ರಿ ಕಾಕು."

ಎರಡು ಸಾವಿರದ ಇಸವಿಯ ಸುಮಾರಿಗೆ ಕಾಕಾಗೆ ಕಣ್ಣಿನ ಪೊರೆ ಬಂತು. ಬೆಳಗಾವಿ ನೆಹರು ನಗರದ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿ, ಮೂರನೇ ದಿನ ನಾನೇ ಮನೆಗೆ ಕರೆತಂದೆ. ಒಂದು ಕಣ್ಣಿಗೆ ಪಟ್ಟಿ. ಅಂಗಳದ ತಂತಿಯ ಮೇಲೆ ಸಾಲಾಗಿ ಏನೋ ಒಣಗುತ್ತಿತ್ತು. ಕಾಕಾ ಹತ್ತಿರ ಹೋಗಿ, ಉಳಿದ ಕಣ್ಣಿಂದ ನೋಡಿದರು. ಮೂವತ್ತೆಂಟು ಖಾಕಿ ಚೀಲಗಳು.

"ಧೂಳು ಇರಬಾರದು ಅಂತ ಡಾಕ್ಟರ ಅಂದಾರಂತಲ್ರಿ, ಖೋಲಿ ಎಲ್ಲಾ ತೊಳದೆ," ಎಂದರು ಕಾಕು. "ಹಳೇ ಪ್ಲಾಸ್ಟಿಕ್ ತಗೊಳ್ಳಾಂವ ಬಂದಿದ್ದ. ನಿಮ್ಮ ಕಸ ಕೊಟ್ಟು ಮುಚ್ಚಳದ ಬಕೆಟ್ ತಗೊಂಡೆ. ನಿಮ್ಮಂಗ ಮೊದಲ ಬ್ಯಾಡ ಬ್ಯಾಡ ಅಂದೆ. ಮ್ಯಾಲೊಂದು ನೀರಿನ ಮಗ್ಗೂ ಕೊಟ್ಟ! ಅರಿವಿ ಚಲೋ ಇತ್ತು, ಅದನ್ಯಾಕ ಕೊಡ್ಲಿ? ಒಗದು ಹಾಕೀನಿ."

ಶಾಬಾಸ್ ಎನ್ನಲಿ ಎಂದು ಕಾಯುತ್ತಿದ್ದ ಮುಖ ಅದು. ಕಾಕಾ ಒಂದು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇನ್ನೂ ಹಸಿ ಐತಿ," ಎಂದರು. ಅದರ ಲಾಡಿ ನೆಟ್ಟಗೆ ಮಾಡುತ್ತ, "ಚಲೋ ಸೌದಾ ಮಾಡಿದಿ ಬಿಡು," ಎಂದರು.

ಮರುದಿನ ಡಾಕ್ಟರಿಗೆ ತೋರಿಸುವ ನೆಪ ಹೇಳಿ ನನ್ನ ಜೊತೆ ಹೊರಟರು. ಬಕೆಟ್ಟಿನವನನ್ನು ಹಿಡಿದೆವು. ಅವನು ಮಾಲು ಹಾಕಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ಪ್ಲಾಸ್ಟಿಕ್ ಪುಡಿ ಮಾಡುವ ಕಾರ್ಖಾನೆಗೆ. ಅಲ್ಲಿಯವನು ಮೂಲೆಯ ಚೀಲ ತೋರಿಸಿದ: "ನಿನ್ನೆನ ಮಶಿನ್ನಿಗೆ ಹಾಕೀವ್ರಿ. ಬೆಳ್ಳಿ ಬಣ್ಣದ ಮಾಲು ನೋಡ್ರಿ, ಉಳದದ್ದರಾಗ ಕೂಡಿದ್ರ ಎಲ್ಲಾ ಕೆಡತೈತಿ ಅಂತ ಬ್ಯಾರೆ ಇಟ್ಟೀವಿ."

ಕಾಕಾ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟರು. ಬೆಳ್ಳಿ, ಕೆಂಪು, ಗುಮ್ಮಟದ ಗಾಜಿನಂಥ ಚೂರು. ಬಹಳ ಹೊತ್ತು ಬೆರಳಾಡಿಸಿದರು. ಇಡಿಯಾಗಿ ಒಬ್ಬ ಸವಾರನೂ ಸಿಗಲಿಲ್ಲ.

"ಎಷ್ಟು?"

"ಇನ್ನೂರು ಕೊಡ್ರಿ."

ಕಾಕಾ ರೊಕ್ಕ ತೆಗೆದರು. ನಾನು ನಡುವೆ ಬಾಯಿ ಹಾಕಿದೆ: "ಕಾಕಾ, ಎಂಬತ್ತರ ಮ್ಯಾಲೆ ಒಂದು ಪೈಸಾ..."

"ಸುಮ್ಕಿರೋ ತಮ್ಮಾ. ಇದಕ್ಕ ನಾ ಭಾಳ ವರ್ಷ ಕಡಿಮಿ ಬೆಲಿ ಹೇಳೀನಿ."

ಕಾಕುಗೆ ಅವರು ಕೊನೆಗೂ ಹೇಳಲಿಲ್ಲ. ಹೇಳಿದ್ದರೆ ಆ ಹೆಂಗಸು ಮತ್ತೆಂದೂ ಆ ಬಕೆಟ್ಟು ಮುಟ್ಟುತ್ತಿರಲಿಲ್ಲ. ಚೂರಿನ ಚೀಲವನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದರು.

ವರ್ಷ ಕಳೆದು, ಕ್ಯಾಂಪಿನ ಬಂಗಲೆಯೊಂದರಲ್ಲಿ ನನಗೊಂದು ನೌಕೆ ಸಿಕ್ಕಿತು. ಬೆಳ್ಳಿ ಮಾಸಿರಲಿಲ್ಲ, ಸವಾರನೂ ಒಳಗಿದ್ದ. ಖಾನಾಪುರಕ್ಕೆ ಒಯ್ದು ಕಾಕಾನ ಕೈಯಲ್ಲಿಟ್ಟೆ. ಎರಡು ಕಣ್ಣೂ ಸ್ವಚ್ಛ ಕಾಣುತ್ತಿದ್ದವು ಅವರಿಗೆ. ಒಮ್ಮೆ ತಿರುಗಿಸಿ ನೋಡಿ ವಾಪಸು ಕೊಟ್ಟರು. "ನೀನ ಇಟ್ಕೊ. ಕಸ ಅದು." ಅವರ ಚೌಕಾಶಿಯ ದನಿ ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಆಮೇಲೆ ನಾನು ಆ ಊರಿಗೆ ಹೋದದ್ದು ಅವರ ಮಣ್ಣಿಗೆ. ಆ ದಿನ ಬಂದವರು ಕಾಲು ತೊಳೆಯಲು ನೀರು ತುಂಬಿಟ್ಟಿದ್ದುದು ಆ ಬಕೆಟ್ಟಿನಲ್ಲೇ.

ಪೇಟೆಯಲ್ಲಿ ನೀವು ಬೇಕಾದಷ್ಟು ಸುಳ್ಳು ಬೆಲೆ ಹೇಳಿ, ನಾನೂ ಹೇಳುತ್ತೇನೆ. ಹೊಸ್ತಿಲು ದಾಟಿದ ಮೇಲೆ ಮಾತ್ರ ಒಬ್ಬರಿಗಾದರೂ ಖರೇ ಬೆಲೆ ಹೇಳಿಬಿಡಿ, ಅದೂ ದವಾಖಾನೆಗೆ ಹೋಗುವ ಮುಂಚೆ. ಇನ್ನು, ಯಾರದೋ ಮನೆಯ ಹೆಂಗಸು ಬಾಗಿಲಲ್ಲಿ ತಡೆದು ನಿಮ್ಮನ್ನೇ ಕೇಳಿದರೆ, ಕೈಯಲ್ಲಿನ ಚಹಾ ಕೆಳಗಿಟ್ಟು ಇದ್ದದ್ದು ಹೇಳಿ. ಒಂದು ಗಿರಾಕಿ ಹೋದರೆ ಹೋಗಲಿ.