ರಕ್ತ ತೊಳೆಯುವವಳ ಹನ್ನೊಂದು ದಿನ

ಕೂಡ್ಲಿಗಿಯ ಹೆದ್ದಾರಿ ಪಕ್ಕದ ಡಯಾಲಿಸಿಸ್ ಕೇಂದ್ರದಲ್ಲಿ ಕೋಮಲಾ ದಿನಕ್ಕೆ ಐವತ್ತು ಸಲ ಬಿಪಿ ನೋಡುತ್ತಿದ್ದಳು. ಕಿಡ್ನಿ ಕೈಕೊಟ್ಟವರನ್ನು ನಾಲ್ಕು ತಾಸು ಯಂತ್ರಕ್ಕೆ ಹಚ್ಚುವುದು, ಅರ್ಧ ತಾಸಿಗೊಮ್ಮೆ ತೋಳಿಗೆ ಪಟ್ಟಿ ಸುತ್ತಿ ಬರೆದಿಡುವುದು. ಗುಡೇಕೋಟೆಯ ಗಂಗಪ್ಪನ ಮಗಳು. ಆ ಮನೆಯಲ್ಲಿ ನೌಕರಿ ಹಿಡಿದವರಲ್ಲಿ ಮೊದಲಿಗಳು. ಐದು ವರ್ಷದಲ್ಲಿ ಅವಳ ಸೂಜಿ ಒಮ್ಮೆಯೂ ನರ ತಪ್ಪಿಲ್ಲ ಎಂದು ರೋಗಿಗಳೇ ಹೇಳುತ್ತಿದ್ದರು.

ಅದೇ ಕೋಮಲಾ ಆರು ತಿಂಗಳ ಬಸುರಿಯಾದಾಗ ಅವಳ ತೋಳಿಗೆ ಪಟ್ಟಿ ಸುತ್ತುವವರಿರಲಿಲ್ಲ. ರಜೆ ಕೇಳಿದರೆ ಬದಲಿ ಜನ ಇಲ್ಲ ಎಂಬುದು ಗುತ್ತಿಗೆ ಕಂಪನಿಯ ಉತ್ತರ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡಿನಲ್ಲಿ ಎರಡು ತಿಂಗಳ ಸಾಲು ಖಾಲಿ. ಕಾಲು ಬಾತರೆ ಬಸುರಿಗೆ ಸಹಜ ಎಂದಿತು ಊರು. ತಲೆನೋವಿಗೆ ನಿದ್ದೆಗೇಡೇ ಕಾರಣ ಎಂದುಕೊಂಡಳು ಅವಳು. ಊರಿಗೆಲ್ಲ ಬಿಪಿ ನೋಡುವವಳು ತನ್ನದನ್ನು ನೋಡಿಕೊಳ್ಳದ್ದು ತಪ್ಪೇ, ಒಪ್ಪೋಣ. ನಾಲ್ಕು ಹಾಸಿಗೆಗೆ ಒಬ್ಬಳನ್ನೇ ನಿಲ್ಲಿಸಿ, ಉಸಿರಾಡಲೂ ಪುರುಸೊತ್ತು ಕೊಡದವರ ತಪ್ಪನ್ನು ಯಾವ ಕಾರ್ಡಿನಲ್ಲಿ ಬರೆಯೋಣ?

ರೋಗ ಕಂಡುಹಿಡಿದದ್ದು ವೈದ್ಯರಲ್ಲ, ರೋಗಿ. ಪಂಚಾಕ್ಷರಪ್ಪ ಕೊಟ್ಟೂರಿನ ಹಳೆಯ ದಲಾಲಿ ಅಂಗಡಿಯವನು. ಮೊದಲ ದಿನ ಕೋಮಲಾಳನ್ನು 'ಯಾರ ಪೈಕಿ' ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಬೇರೆಯವರಿಲ್ಲವೇ ಎಂದು ಅತ್ತಿತ್ತ ನೋಡಿದ್ದ ಮನುಷ್ಯ. ಈಗ ಅವಳಲ್ಲದೆ ಬೇರೆಯವರಿಗೆ ಕೈ ಕೊಡುತ್ತಿರಲಿಲ್ಲ. ಅವತ್ತು ಅವಳಿಗೂ ಕೊಡಲಿಲ್ಲ.

"ಕೈ ಚಾಚ್ರಿ ಅಜ್ಜಾರ, ಹೊತ್ತಾತು."

"ನಿನ್ನ ಮಾರಿ ನೋಡ್ಕಂಡೀಯೇನವ್ವಾ? ಈ ಬಾವು ನಂಗ ಗುರ್ತೈತಿ. ನಂಗೂ ಹಿಂಗ ಕಣ್ಣಿನ ಕೆಳಗಿಂದಾನ ಸುರುವಾತು. ಮೊದ್ಲು ನಿನ್ನ ಬಿಪಿ ನೋಡ್ಕ. ಅಲ್ಲೀತನಕ ನಾ ಸೂಜಿ ಹಾಕಿಸ್ಕಳ್ಳಾಂಗಿಲ್ಲ."

ಮುದುಕನನ್ನು ಸುಮ್ಮನಿರಿಸಲೆಂದು ಪಟ್ಟಿ ಸುತ್ತಿಕೊಂಡಳು. ಮೇಲಿನದು ನೂರೆಂಬತ್ತು, ಕೆಳಗಿನದು ನೂರಾ ಹದಿನೈದು. ಯಂತ್ರ ಕೆಟ್ಟಿದೆಯೆಂದು ಇನ್ನೊಂದರಲ್ಲಿ ನೋಡಿಕೊಂಡಳು. ಅದೂ ಅಷ್ಟನ್ನೇ ಹೇಳಿತು.

ಸಂಜೆಯೊಳಗೆ ಆಂಬುಲೆನ್ಸ್ ಬೆಂಗಳೂರಿನ ಹಾದಿ ಹಿಡಿದಿತ್ತು. ಅಲ್ಲಿ ದೊಡ್ಡ ಆಸ್ಪತ್ರೆಯೊಂದರ ವೈದ್ಯೆ ಬಿಡಿಸಿ ಹೇಳಿದರು. ಗರ್ಭದೊಳಗೆ ಕೂಸಿಗೆ ಅಂಟಿದ ಮಾಸು ಒಂದು ಪ್ರೋಟೀನನ್ನು ಮಿತಿಮೀರಿ ತಾಯಿಯ ರಕ್ತಕ್ಕೆ ಬಿಡುತ್ತಿದೆ, ಅದು ರಕ್ತನಾಳಗಳನ್ನು ಕೆಡಿಸುತ್ತಿದೆ. ಹೆರಿಗೆಯೊಂದೇ ಖಾತ್ರಿ ದಾರಿ. ಆದರೆ ಇಪ್ಪತ್ತೈದು ವಾರದ ಕೂಸು ಉಳಿಯುವುದು ಕಷ್ಟ. ಇನ್ನೊಂದು ಚಿಕಿತ್ಸೆ ಇದೆ, ಇನ್ನೂ ಪರೀಕ್ಷೆಯ ಹಂತದ್ದು. ರಕ್ತವನ್ನು ಸೋಸಿ, ಆ ಪ್ರೋಟೀನನ್ನು ಹಿಡಿದಿಟ್ಟುಕೊಂಡು, ಉಳಿದದ್ದನ್ನು ಅವಳಿಗೇ ವಾಪಸು ಕೊಡುವುದು. ರೋಗ ಹೋಗದು, ಒಂದಿಷ್ಟು ದಿನ ಸಿಗಬಹುದು. ಸಿಗದೆಯೂ ಇರಬಹುದು.

ಗಂಡ ಮಾರೇಶ್ ಒಪ್ಪಲಿಲ್ಲ. "ಕೂಸು ಮತ್ತ ಆದೀತು. ನಿನ್ನ ಎಲ್ಲಿಂದ ತರ್ಲಿ?"

"ಐದು ವರ್ಷ ಊರಮಂದಿ ರಕ್ತ ತೊಳದೀನಿ. ಒಂದ್ಸಲ ನಂದೂ ತೊಳೀಲಿ ಬಿಡು," ಎಂದಳು. ಕಾಗದ ಇಸಿದುಕೊಂಡು ಸಹಿ ಹಾಕಿದಳು.

ಮಲಗಿಕೊಂಡೇ ಯಂತ್ರವನ್ನು ಕಣ್ಣಲ್ಲಿ ಅಳೆದಳು. ಡಯಾಲಿಸಿಸ್ ಪಂಪಿನ ಓಟ ಇದಕ್ಕಿರಲಿಲ್ಲ. ಅವಳ ರಕ್ತ ಒಳಗೆ ಹೋಗಿ ಬೇರ್ಪಟ್ಟು, ಒಣಹುಲ್ಲಿನ ಬಣ್ಣದ ತಿಳಿಯಷ್ಟೇ ಸಣ್ಣ ಡಬ್ಬಿಯೊಂದರೊಳಗೆ ಇಳಿದು, ಮತ್ತೆ ಕೆಂಪನ್ನು ಕೂಡಿಕೊಂಡು ಇನ್ನೊಂದು ತೋಳಿಗೆ ಮರಳುತ್ತಿತ್ತು. ಅವಳು ಕಂಡ ಯಂತ್ರ ನೀರನ್ನೂ ಹೊಲಸನ್ನೂ ತೆಗೆಯುತ್ತಿತ್ತು. ಇದು ಸಂತೆಯ ಗದ್ದಲದಲ್ಲಿ ಒಬ್ಬನನ್ನೇ ಗುರುತಿಸಿ ರಟ್ಟೆ ಹಿಡಿದು ನಿಲ್ಲಿಸಿದ ಹಾಗೆ. ಇಡೀ ಹೊತ್ತು ಹೊಟ್ಟೆಯ ಮೇಲಿನ ಪಟ್ಟಿಯಿಂದ ಕೂಸಿನ ಎದೆಬಡಿತ ಕೋಣೆಯ ತುಂಬ ಕೇಳುತ್ತಿತ್ತು. ತನ್ನ ರಕ್ತ ಹೊರಗೆ ತಿರುಗಾಡಿ ಬರುತ್ತಿದ್ದರೂ ಒಳಗೊಂದು ಜೀವ ಲೆಕ್ಕಿಸದೆ ಓಡುತ್ತಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಮರುದಿನ ಬಿಪಿ ಇಳಿಯಿತು. ಮತ್ತೆ ಏರಿತು, ಮತ್ತೆ ಸೋಸಿದರು. ಹೀಗೆ ಮೂರು ಸಲ. ಸಿಕ್ಕದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಬಿಪಿ ಯಾವುದಕ್ಕೂ ಬಗ್ಗಲಿಲ್ಲ, ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು, ಎಂಟುನೂರು ಗ್ರಾಂ.

ಹೆರಿಗೆಯಾದ ಮೂರನೆಯ ದಿನ ಕೋಮಲಾಳನ್ನು ಗಾಲಿಕುರ್ಚಿಯಲ್ಲಿ ಗಾಜಿನ ಪೆಟ್ಟಿಗೆಯ ಬಳಿಗೆ ಕರೆದೊಯ್ದರು. ಉಸಿರಿಗೆ ಸಣ್ಣ ಆಸರೆ ಸಾಕಾಗಿದೆ, ಉಳಿಯುತ್ತಾಳೆ ಎಂದರು ವೈದ್ಯೆ. ಕೋಮಲಾಳ ಕಣ್ಣು ತಾನಾಗಿ ಕೂಸಿನ ಕೈಯಲ್ಲಿ ನರ ಹುಡುಕಿತು. ಕೂದಲೆಳೆಯಷ್ಟು ನೀಲಿ, ಅದರೊಳಗೊಂದು ಸೂಜಿ.

"ಇದನ್ನ ಯಾರು ಹಾಕಿದ್ರಿ?"

ಪಕ್ಕದಲ್ಲಿದ್ದ ನರ್ಸ್, ಇಪ್ಪತ್ತೆರಡರ ಹುಡುಗಿ, ತಾನೇ ಎಂದಳು. ಏನೋ ತಪ್ಪಾಗಿದೆಯೆಂದು ಅವಳ ಮುಖ ಸಣ್ಣಗಾಯಿತು.

ಕೋಮಲಾ ಅವಳಿಗೆ ಕೈ ಮುಗಿದಳು.